ಬೀದರ ಸೀಮೆಯಲ್ಲಿ ಮನಸ್ಸಿನ ಆಪತ್ಕಾಲ

ಕಾಲು ಮುರಿದುಕೊಂಡವನನ್ನು ಬಂಡಿಯಲ್ಲಿ ಮಲಗಿಸಿ ಪಟ್ಟಣಕ್ಕೆ ಒಯ್ಯುವುದಕ್ಕೆ ಯಾವ ಊರಿನವರೂ ಹಿಂದೆಮುಂದೆ ನೋಡಿದವರಲ್ಲ. ಆದರೆ ಮೂರು ರಾತ್ರಿ ಕಣ್ಣು ಮುಚ್ಚದೆ, ಅನ್ನ ಮುಟ್ಟದೆ, ಹೆತ್ತವರನ್ನೇ ವೈರಿಗಳೆಂದು ಬಗೆದು ಕೋಣೆಯ ಅಗುಳಿ ಹಾಕಿಕೊಂಡು ಕುಳಿತವನನ್ನು, ಅಥವಾ ಸಾಲದ ಲೆಕ್ಕವನ್ನು ಮನಸ್ಸಿನಲ್ಲಿಯೇ ಕೂಡಿ ಕಳೆದು ಇನ್ನು ತನ್ನ ಬದುಕು ಯಾರಿಗೂ ಬೇಡವೆಂಬ ನಿಶ್ಚಯಕ್ಕೆ ಬಂದವನನ್ನು, ಯಾರ ಬಳಿಗೆ, ಯಾವ ಹೊತ್ತಿನಲ್ಲಿ, ಹೇಗೆ ಕರೆದೊಯ್ಯಬೇಕೆಂಬುದು ಬೀದರ ಬಳಿಯ ಕಮಠಾಣದಂಥ ಊರುಗಳಿಗೆ ತಲೆತಲಾಂತರದಿಂದ ದುಸ್ತರವಾದ ಪ್ರಶ್ನೆಯಾಗಿಯೇ ಉಳಿದುಬಂದಿದೆ. ಬೀದರ, ಭಾಲ್ಕಿ, ಔರಾದುಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಸಾಲಾಗಿಟ್ಟು ನೋಡಿದರೆ, ಅವು ವೈದ್ಯಶಾಸ್ತ್ರದ ಚರಿತ್ರೆಗಿಂತ ಹೆಚ್ಚಾಗಿ ದೂರದ ಚರಿತ್ರೆಯಾಗಿ ನನಗೆ ತೋರುತ್ತವೆ: ಆಪತ್ತು ಒದಗಿದ ಮನೆಗೂ ಆಸರೆ ಇದ್ದ ತಾಣಕ್ಕೂ ನಡುವೆ ಎಷ್ಟು ಹಾದಿ ಇತ್ತೆಂಬುದೇ ಎಷ್ಟೋ ಜೀವಗಳ ಗತಿಯನ್ನು ನಿರ್ಣಯಿಸಿದೆ.

ಈ ನಾಡಿಗೆ ಆಸ್ಪತ್ರೆಯೆಂಬುದು ನಿನ್ನೆ ಮೊನ್ನೆ ಬಂದುದಲ್ಲ. ಬಹಮನಿ ಅರಸರ ರಾಜಧಾನಿ ಗುಲಬರ್ಗೆಯಿಂದ ಬೀದರಿಗೆ ಬಂದು ನೆಲೆಗೊಂಡ ಮೇಲೆ, 1436ರಿಂದ 1458ರವರೆಗೆ ಆಳಿದ ಎರಡನೆಯ ಅಲ್ಲಾವುದ್ದೀನ ಅಹಮದ ಶಾಹನು ಇಲ್ಲಿ ಒಂದು ದೊಡ್ಡ ಚಿಕಿತ್ಸಾಲಯವನ್ನು ಕಟ್ಟಿಸಿದನೆಂದೂ, ಅದರ ಔಷಧ ಪಥ್ಯಗಳ ವೆಚ್ಚಕ್ಕಾಗಿ ಗ್ರಾಮಗಳನ್ನು ಉಂಬಳಿ ಬಿಟ್ಟನೆಂದೂ, ಅದರಲ್ಲಿ ಹಿಂದೂ ವೈದ್ಯರೂ ಮುಸಲ್ಮಾನ ಹಕೀಮರೂ ಕೂಡಿಯೇ ನಿಯುಕ್ತರಾಗಿದ್ದರೆಂದೂ ಪಾರಸೀ ಚರಿತ್ರಕಾರನಾದ ಫೆರಿಷ್ತಾ ಬರೆದಿದ್ದಾನೆ. ಉನ್ಮಾದವನ್ನು ರೋಗವೆಂದೇ ಎಣಿಸಿ, ಮಿತ್ರರ ಆಶ್ವಾಸನವನ್ನೂ ಚಿಕಿತ್ಸೆಯ ಅಂಗವಾಗಿ ಹೇಳಿದ ಆಯುರ್ವೇದವೂ, ಮನಸ್ಸಿನ ವಿಷಾದವನ್ನು ಮಾಲಿಖೋಲಿಯಾ ಎಂದು ಕರೆದು ಅದರ ಕಾರಣವನ್ನು ದೇಹರಸಗಳ ವಿಕಾರದಲ್ಲಿ ಅರಸಿದ ಯೂನಾನಿಯೂ ಒಂದೇ ಛಾವಣಿಯ ಕೆಳಗೆ ಸೇರಿದ್ದುವೆಂಬ ಸಂಗತಿ ಸಾಮಾನ್ಯವಾದುದಲ್ಲ. ಆದರೆ ಅದು ರಾಜಧಾನಿಯ ಭಾಗ್ಯ. ಕೋಟೆಯ ಹೊರಗೆ, ಕಪ್ಪು ಮಣ್ಣಿನ ಹೊಲಗಳ ನಡುವಣ ಹಳ್ಳಿಗಳಿಗೆ ಅಂಥ ಆಸರೆ ಬೇರೆ ಕಡೆಯಿಂದ ಬರಬೇಕಾಯಿತು.

ಅದು ಬಂದುದು ಕ್ಷೇತ್ರಗಳಿಂದ, ದರ್ಗಾಗಳಿಂದ. ಹುಮನಾಬಾದ ತಾಲೂಕಿನ ಘೋಡವಾಡಿಯ ದರ್ಗಾಕ್ಕೆ ಜಾತಿಮತಗಳ ಭೇದವಿಲ್ಲದೆ ಜನ ತಮ್ಮವರನ್ನು ಕರೆದೊಯ್ದಿದ್ದಾರೆ. ಇನ್ನೂ ದೂರ ಹೋಗಬಲ್ಲವರು ಭೀಮಾ ಅಮರಜಾ ನದಿಗಳ ಸಂಗಮವಿರುವ ಗಾಣಗಾಪುರಕ್ಕೆ ನಡೆದಿದ್ದಾರೆ. ಗಾಣಗಾಪುರದ ದತ್ತಾತ್ರೇಯ ಮಠದಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ನಿಂತು ನೋಡಿದವರು ಆ ದೃಶ್ಯವನ್ನು ಮರೆಯಲಾರರು. ಗಂಟೆ ಜಾಗಟೆಗಳ ಧ್ವನಿ ಏರುತ್ತಿದ್ದಂತೆಯೇ, ಅದುವರೆಗೆ ಗೋಡೆಗೊರಗಿ ಮಾತಿಲ್ಲದೆ ಕುಳಿತಿದ್ದ ಹೆಂಗಸೊಬ್ಬಳು ಕೂದಲು ಬಿಚ್ಚಿ ತೂಗತೊಡಗುವಳು. ಮತ್ತೊಬ್ಬನು ಕಂಬಕ್ಕೆ ಹತ್ತಿ ನೇತಾಡುತ್ತ, ತನ್ನದಲ್ಲದ ದನಿಯಲ್ಲಿ ಬಯ್ಯುತ್ತ ಬೇಡುತ್ತ ಇರುವನು. ಕೆಳಗೆ ಅವನ ತಾಯಿ, ಬಿದ್ದಾನೆಂಬ ಭಯದಿಂದ ಎರಡೂ ಕೈ ಚಾಚಿ, ಆರತಿ ಮುಗಿಯುವವರೆಗೆ ಕಣ್ಣು ಕೀಳದೆ ನಿಂತಿರುವಳು. ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಾಗದು. ಮೈಮೇಲೆ ಬಂದಿದೆ, ಗಾಳಿ ಸೋಂಕಿದೆ ಎಂಬ ಮಾತಿನಲ್ಲಿ ರೋಗಿಯ ಮೇಲೆ ಅಪರಾಧವನ್ನು ಹೊರಿಸದ ಕರುಣೆಯಿತ್ತು. ಐದು ಮನೆಗಳ ಮಧುಕರಿ ಭಿಕ್ಷೆಯಿಂದ ಹೊಟ್ಟೆ ಹೊರೆದುಕೊಂಡು ವಾರಗಟ್ಟಲೆ ಅಲ್ಲಿಯೇ ಉಳಿಯುವ ಪದ್ಧತಿಯಿಂದಾಗಿ ರೋಗಿಯೂ ಮನೆಯವರೂ ಅಗಲದೆ ಇರುವುದು ಸಾಧ್ಯವಾಗಿತ್ತು. ಹಾಗೆಂದು ಇದರ ಮತ್ತೊಂದು ಮುಖವನ್ನು ಮರೆಮಾಚುವುದೂ ತಕ್ಕುದಲ್ಲ. ಔಷಧವಿಲ್ಲದೆ ಕಳೆದ ತಿಂಗಳುಗಳು ಎಷ್ಟೋ ಜನರ ರೋಗವನ್ನು ಬಲಿಸಿವೆ. ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ 2001ರ ಆಗಸ್ಟ್ 6ರಂದು ಸಂಕೋಲೆಯಲ್ಲಿ ಬಂಧಿತರಾಗಿದ್ದ 28 ಮಂದಿ ಬೆಂಕಿಗೆ ಆಹುತಿಯಾದ ಮೇಲೆಯೇ ದೇಶವು ಇಂಥ ತಾಣಗಳ ಕಡೆಗೆ ಕಣ್ತೆರೆದುದು.

ನಿಜಾಮರ ಸಂಸ್ಥಾನದಲ್ಲಿ ಸರಕಾರಿ ಹುಚ್ಚಾಸ್ಪತ್ರೆ ಮರಾಠವಾಡದ ಜಾಲ್ನಾದಲ್ಲಿತ್ತು; 1950ರ ದಶಕದಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ಬೀದರದವರಿಗೆ ಹೈದರಾಬಾದು ಒಂದು ಹಗಲಿನ ಪ್ರಯಾಣ. ಆದರೆ ಅಷ್ಟರಲ್ಲಿಯೇ, 1956ರ ನವೆಂಬರ್ 1ರಂದು, ಬೀದರ ಜಿಲ್ಲೆ ಮೈಸೂರು ರಾಜ್ಯದಲ್ಲಿ ಸೇರಿತು. ಭಾಷೆಯ ದೃಷ್ಟಿಯಿಂದ ಅದು ನಮ್ಮ ಸೌಭಾಗ್ಯವಾದರೂ, ಮನೋರೋಗಿಯ ಮನೆಯವರ ದೃಷ್ಟಿಯಿಂದ ಅದರ ಪರಿಣಾಮ ವಿಚಿತ್ರವಾಗಿತ್ತು: ಇನ್ನು ಮುಂದೆ ತಮ್ಮದೆನ್ನಬಹುದಾದ ಸರಕಾರದ ಮಹಾಸಂಸ್ಥೆ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿತ್ತು. ಕೈಕಾಲು ಕಟ್ಟಿದ ಮಗನನ್ನು ಅಷ್ಟು ದೂರ ಒಯ್ಯಬಲ್ಲ ತಂದೆ ಔರಾದಿನ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದಾರು? ಜನ ರಾಜ್ಯದ ಗೆರೆಯನ್ನು ಲೆಕ್ಕಿಸದೆ ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗುತ್ತಲೇ ಇದ್ದರು; ಹೋಗಲಾರದವರು ಮನೆಯ ಹಿಂದಿನ ಕೋಣೆಯಲ್ಲಿ ರೋಗಿಯನ್ನು ಕೂಡಿಹಾಕಿ ಊರ ಕಣ್ಣಿನಿಂದ ಮರೆಮಾಡಿದರು.

ಈ ದೂರವನ್ನು ತಿರುಗುಮುರುಗು ಮಾಡಬೇಕು, ರೋಗಿ ಆಸ್ಪತ್ರೆಗೆ ಬರುವ ಬದಲು ಚಿಕಿತ್ಸೆಯೇ ರೋಗಿಯ ಊರಿಗೆ ಹೋಗಬೇಕು ಎಂಬ ವಿಚಾರವನ್ನು ಪರೀಕ್ಷಿಸಿ ನೋಡಿದವರಲ್ಲಿ ಕರ್ನಾಟಕವೂ ಮುಂದಿತ್ತೆಂಬುದು ಅಭಿಮಾನಪಡತಕ್ಕ ಸಂಗತಿ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮರುವರ್ಷವೇ ಸಮುದಾಯ ಮನೋವೈದ್ಯಕ್ಕೆಂದು ಒಂದು ಘಟಕವನ್ನು ತೆರೆದು, ಆನೇಕಲ್ ತಾಲೂಕಿನ ಸಕಲವಾರದಲ್ಲಿ ಕೆಲಸ ಹೂಡಿತು. ಸೋಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದರ ಪ್ರಯೋಗ ನಡೆಯಿತು. 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನೇ ಕ್ಷೇತ್ರವಾಗಿ ಆಯ್ದುಕೊಂಡಿತು. ಅಲ್ಲಿ ಮಾಡಿದ್ದೇನೂ ಆಡಂಬರದ ಕೆಲಸವಲ್ಲ: ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಕೆಲವು ವಾರಗಳ ಶಿಕ್ಷಣ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗದ ಲಕ್ಷಣಗಳನ್ನು ಗುರುತಿಸುವ ತರಬೇತಿ, ಕೇಂದ್ರದಲ್ಲಿ ತಪ್ಪದೆ ದೊರೆಯಬೇಕಾದ ಬೆರಳೆಣಿಕೆಯ ಔಷಧಗಳು, ಒಂದು ಸರಳವಾದ ದಾಖಲೆಯ ಪುಸ್ತಕ. ಇಷ್ಟರಿಂದಲೇ ಸಾಧ್ಯವೆಂದು ತೋರಿದ್ದನ್ನು ನೋಡಿ ಭಾರತ ಸರಕಾರವು 1996ರಲ್ಲಿ ಬಳ್ಳಾರಿಯ ಮಾದರಿಯ ಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು.

ಆದರೆ ಬೀದರಿಗೆ ಅದರ ನೆರಳು ಬೀಳುವ ಮುನ್ನವೇ ಆಪತ್ತು ಬಂದಿತು. 1997-98ರ ಹಂಗಾಮಿನಲ್ಲಿ ಅಕಾಲದ ಮಳೆಯೂ ಕಾಯಿಕೊರಕ ಹುಳುವೂ ಕೂಡಿ ತೊಗರಿಯ ಬೆಳೆಯನ್ನು ನುಂಗಿದುವು. ಸಾಲದ ಮೇಲೆ ತಂದು ಸಿಂಪಡಿಸಿದ ಔಷಧ ಹುಳುವನ್ನು ಕೊಲ್ಲಲಿಲ್ಲ. 1998ರಲ್ಲಿ ಈ ಜಿಲ್ಲೆಯ ರೈತರು ಒಬ್ಬರ ಹಿಂದೊಬ್ಬರಂತೆ ಪ್ರಾಣ ಕಳೆದುಕೊಂಡ ಸುದ್ದಿ ಕರ್ನಾಟಕವನ್ನು ತಲ್ಲಣಗೊಳಿಸಿತು. ಮರುವರ್ಷ ಸಮಾಜಶಾಸ್ತ್ರಜ್ಞೆ ಎ. ಆರ್. ವಾಸವಿಯವರು ಬೀದರದ ಈ ಸಂಕಟವನ್ನು ಕುರಿತು ಬರೆದ ಲೇಖನವು, ಪೇಟೆಯ ಬೇಡಿಕೆಯ ಬೆನ್ನುಹತ್ತಿದ ಒಕ್ಕಲುತನದಲ್ಲಿ ರೈತನು ಊರಿನೊಳಗೇ ಹೇಗೆ ಒಂಟಿಯಾದನೆಂಬುದರ ಕಡೆಗೆ ನಮ್ಮ ದೃಷ್ಟಿಯನ್ನು ತಿರುಗಿಸಿತು. ಕೂಡಿ ಬಿತ್ತಿ ಕೂಡಿ ರಾಶಿ ಮಾಡುತ್ತಿದ್ದ ಕಾಲದಲ್ಲಿ ಒಬ್ಬನ ನಷ್ಟ ನಾಲ್ವರ ಕಟ್ಟೆಯ ಮಾತಾಗುತ್ತಿತ್ತು. ಅಂಗಡಿಯ ಉದ್ರಿಯ ಸಾಲವಾದರೋ ಹೆಂಡತಿಗೂ ತಿಳಿಯದ ಗುಟ್ಟು. ತರುವಾಯ ರೈತರ ಸಾವುಗಳನ್ನು ಕುರಿತು ಡಾ. ಜಿ. ಕೆ. ವೀರೇಶರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಈ ಸಾವುಗಳಿಗೆ ಕಾರಣ ಸಾಲವೋ ಮನೋವ್ಯಥೆಯೋ ಎಂಬ ವಾಗ್ವಾದ ಬಹುಕಾಲ ನಡೆಯಿತು. ಆ ವಾದದಲ್ಲಿ ಎರಡು ಪಕ್ಷಗಳೂ ಅರ್ಧ ಸತ್ಯವನ್ನೇ ಹಿಡಿದಿದ್ದುವೆಂದು ನನ್ನ ನಂಬಿಕೆ. ಎಲ್ಲವನ್ನೂ ಮನಸ್ಸಿನ ರೋಗವೆಂದು ಬಿಟ್ಟರೆ ಕಳಪೆ ಔಷಧ ಮಾರಿದವನೂ ಬಡ್ಡಿ ಹೇರಿದವನೂ ಬೆಲೆ ಕೊಡದ ಪೇಟೆಯೂ ಪಾರಾಗುತ್ತವೆ. ಎಲ್ಲವನ್ನೂ ಸಾಲವೆಂದು ಬಿಟ್ಟರೆ, ಅದೇ ಸಾಲವಿದ್ದೂ ಬದುಕಿದ ನೆರೆಯವನಿಗೂ ಬದುಕದೆ ಹೋದವನಿಗೂ ನಡುವೆ ಆ ಒಂದು ರಾತ್ರಿ ಯಾರು ಇದ್ದರು, ಯಾರು ಇರಲಿಲ್ಲ ಎಂಬ ವಿಚಾರವೇ ಬಿಟ್ಟುಹೋಗುತ್ತದೆ.

ಆ ರಾತ್ರಿ ಕಳೆದರೆ ಬಹಳ ಮಂದಿ ಉಳಿಯುತ್ತಾರೆ. ಸಾಯಬೇಕೆಂಬ ಆವೇಗವು ಹಲವೊಮ್ಮೆ ಕೆಲವು ಗಳಿಗೆಗಳದ್ದು. ಆ ಗಳಿಗೆಯಲ್ಲಿ ಕೈಗೆಟಕುವಂತೆ ವಿಷ ಇರಬಾರದು, ಮಾತಿಗೆಟಕುವಂತೆ ಮನುಷ್ಯ ಇರಬೇಕು. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಪ್ರದೇಶದಲ್ಲಿ ರೈತರ ಕೀಟನಾಶಕಗಳನ್ನು ಮನೆಯಲ್ಲಿಡದೆ ಊರಿನ ಸಾಮೂಹಿಕ ಕೋಣೆಯ ಬೀಗದ ಪೆಟ್ಟಿಗೆಗಳಲ್ಲಿಡುವ ಪ್ರಯೋಗವನ್ನು ಡಾ. ಲಕ್ಷ್ಮೀ ವಿಜಯಕುಮಾರ್ ಮತ್ತು ಸಂಗಡಿಗರು ಮಾಡಿ, 2013ರಲ್ಲಿ ಅದರ ಆಶಾದಾಯಕ ಫಲವನ್ನು ಪ್ರಕಟಿಸಿದರು. ತೊಗರಿ ಸೋಯಾಗಳ ಈ ನಮ್ಮ ಸೀಮೆಗೆ ಅದು ಇನ್ನೂ ಬಂದು ಮುಟ್ಟಬೇಕಾದ ವಿಚಾರ. ಕಾನೂನೂ ಬದಲಾಯಿತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರವಾದ ಒತ್ತಡಕ್ಕೆ ಸಿಕ್ಕಿದವನೆಂದು ಭಾವಿಸತಕ್ಕದ್ದೆಂದೂ, ದಂಡಿಸದೆ ಆರೈಕೆ ಮಾಡುವುದು ಸರಕಾರದ ಕರ್ತವ್ಯವೆಂದೂ ವಿಧಿಸಿತು. ಪೊಲೀಸ್ ಪ್ರಕರಣವಾದೀತೆಂಬ ಹೆದರಿಕೆಯಿಂದ ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಿದ್ದ ಕುಟುಂಬಗಳಿಗೆ ಇದು ಸಣ್ಣ ಬಿಡುಗಡೆಯಲ್ಲ.

2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್ ಕೇಂದ್ರವಾಗಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಆರಂಭವಾದ ಮೇಲೆ, 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದಾಗಿದೆ. 700 ಕಿಲೋಮೀಟರಿನ ಹಾದಿ ಒಂದು ದೂರವಾಣಿಯ ಕರೆಯಷ್ಟಾಯಿತು. ಕರೆಗೆ ಮೊದಲು ಓಗೊಡುವವರು ತರಬೇತಾದ ಆಪ್ತಸಮಾಲೋಚಕರು. ಅಗತ್ಯ ಬಿದ್ದರೆ ಅವರು ಮನೋವೈದ್ಯರಿಗೆ ದಾಟಿಸುತ್ತಾರೆ, ಮುಖಾಮುಖಿ ಚಿಕಿತ್ಸೆ ಬೇಕಾದಾಗ ಜಿಲ್ಲೆಯ ಮಾನಸಿಕ ಆರೋಗ್ಯ ತಂಡಕ್ಕೆ ಒಪ್ಪಿಸುತ್ತಾರೆ. ಅನೇಕ ಭಾಷೆಗಳಲ್ಲಿ ಮಾತನಾಡುವ ಅವಕಾಶ ಅದರಲ್ಲಿರುವುದು ಈ ಗಡಿನಾಡಿಗೆ ವಿಶೇಷವಾಗಿ ಒದಗಿಬಂದಿದೆ. ಏಕೆಂದರೆ ಔರಾದಿನ ಒಂದು ಮನೆಯಲ್ಲಿ ಮರಾಠಿ, ಬೀದರದ ಹಳೆಯ ಪೇಟೆಯಲ್ಲಿ ಉರ್ದು, ಕಮಠಾಣದಲ್ಲಿ ಕನ್ನಡ, ಪೂರ್ವದ ಅಂಚಿನಲ್ಲಿ ತೆಲುಗು ನಡೆಯುವಾಗ, ಎದೆಯೊಡೆದು ಅಳುವ ಮನುಷ್ಯನು ತಾಯಿಯ ಭಾಷೆಯನ್ನು ಬಿಟ್ಟು ಬೇರೆ ಭಾಷೆಯಲ್ಲಿ ಅಳಲಾರನು. ಆದರೂ ಆ ಸಂಖ್ಯೆಯನ್ನು ಒತ್ತಬೇಕಾದವನು ಹಲವೊಮ್ಮೆ ಅದನ್ನು ಒತ್ತುವ ಸ್ಥಿತಿಯಲ್ಲಿರುವುದಿಲ್ಲ. ಅವನು ಮಾತು ಬಿಟ್ಟುದನ್ನು, ಎಮ್ಮೆಯನ್ನು ಕಾರಣವಿಲ್ಲದೆ ಮಾರಿದುದನ್ನು, ಮಕ್ಕಳನ್ನು ಅತ್ತೆಯ ಮನೆಗೆ ಕಳಿಸಿದುದನ್ನು ಮೊದಲು ಕಾಣುವವಳು ಓಣಿಯ ಆಶಾ ಕಾರ್ಯಕರ್ತೆ. ಬಾಣಂತಿಯ ತೂಕ, ಕೂಸಿನ ಲಸಿಕೆಗಳ ಸಂಗಡ ಮನೆಯವರ ಮನಸ್ಸು ಹೇಗಿದೆಯೆಂಬ ಪ್ರಶ್ನೆಯನ್ನೂ ಕೇಳುವ ಸಲಿಗೆ ಆ ಮನೆಗಳಲ್ಲಿ ಅವಳಿಗೆ ಈಗಾಗಲೇ ಉಂಟು. ಕೇಳುವ ಬಗೆಯನ್ನು ಅವಳಿಗೆ ಕಲಿಸಿ, ಕೇಳಿದ್ದಕ್ಕೆ ತಕ್ಕ ಗೌರವಧನವನ್ನು ತಪ್ಪದೆ ಕೊಡುವ ಕೆಲಸ ಮಾತ್ರ ಸರಕಾರದ ಪಾಲಿಗೆ ಉಳಿದಿದೆ.