ಮೈಸೂರು ಅಂಚೆಯೂ ಮಿಂಚಂಚೆಯೂ

ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ತಮ್ಮ ತಂದೆಯವರ ಸ್ಮರಣಾರ್ಥವಾಗಿ ಕಟ್ಟಿಸಿದ ಚಿಕ್ಕದೇವರಾಜ ಒಡೆಯರವರೇ (1673–1704) ಮೈಸೂರು ಸೀಮೆಯಲ್ಲಿ ಕ್ರಮಬದ್ಧವಾದ ಅಂಚೆಯನ್ನು ಏರ್ಪಡಿಸಿದವರೆಂಬುದು ಚರಿತ್ರಜ್ಞರಿಗೆ ವಿದಿತವಾದ ವಿಷಯವೇ ಸರಿ. ಆ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಶಬ್ದವು ಮಾತ್ರ ಅಳಿಯಲಿಲ್ಲ. ಇ-ಮೇಲಿಗೆ ಕನ್ನಡಿಗರು ಮಿಂಚಂಚೆಯೆಂಬ ಹೆಸರನ್ನೂ ಇಟ್ಟಿರುವರು. ಇವೆರಡರ ಸಾಮ್ಯವು ನಾಮಮಾತ್ರವಾದುದೋ, ಕ್ರಮದಲ್ಲಿಯೂ ಉಂಟೋ ಎಂಬುದು ವಿಚಾರಣೀಯವಾಗಿದೆ.

ಹಿಂದಿನ ಅಂಚೆಯಲ್ಲಿ ಒಬ್ಬನೇ ಹರಿಕಾರನು ಕಾಗದವನ್ನು ಆದ್ಯಂತವಾಗಿ ಒಯ್ಯುತ್ತಿರಲಿಲ್ಲ. ಒಂದು ಠಾಣೆಯವನು ಮುಂದಿನ ಠಾಣೆಯವನಿಗೆ ಒಪ್ಪಿಸುತ್ತಿದ್ದನು. ಮಿಂಚಂಚೆಯ ಕ್ರಮವೂ ಇಂತಹುದೇ. ಬರೆದವನ ಓಲೆಯು ಮೊದಲು ಅವನ ಪಾಲಿನ ಅಂಚೆಮನೆಯನ್ನು, ಎಂದರೆ ಸರ್ವರ್ ಎಂದು ಕರೆಯಲ್ಪಡುವ ಗಣಕಯಂತ್ರವನ್ನು, ಸೇರುತ್ತದೆ. ವಿಳಾಸದ ನಡುವಿನ ‘ಆ್ಯಟ್’ ಚಿಹ್ನೆಯನ್ನು 1971ರಲ್ಲಿ ಬಳಕೆಗೆ ತಂದವರು ಅಮೆರಿಕದ ರೇ ಟಾಮ್ಲಿನ್ಸನ್ನರು. ಅದರ ಎಡಗಡೆಯದು ವ್ಯಕ್ತಿಯ ಹೆಸರು. ಬಲಗಡೆಯದು ಊರಿನ ಹೆಸರಿದ್ದಂತೆ. ಸರ್ವರು ಈ ಬಲಭಾಗವನ್ನು ನೋಡಿ, ಆ ಹೆಸರಿನ ಓಲೆಗಳನ್ನು ಸ್ವೀಕರಿಸತಕ್ಕ ಸರ್ವರು ಯಾವುದೆಂದು ಜಗತ್ತಿನ ಹೆಸರುಪಟ್ಟಿಯಾದ ಡಿಎನ್‌ಎಸ್ಸಿನಲ್ಲಿ ವಿಚಾರಿಸಿ, 1982ರಲ್ಲಿ ನಿರ್ಣಯಿಸಲ್ಪಟ್ಟ ಎಸ್‌ಎಂಟಿಪಿ ಎಂಬ ನಿಯಮಾವಳಿಯಂತೆ ಓಲೆಯನ್ನು ಅದಕ್ಕೆ ಒಪ್ಪಿಸುತ್ತದೆ. ಆ ಸರ್ವರು ದೊರೆಯದಿದ್ದರೆ ಓಲೆಯನ್ನು ತನ್ನಲ್ಲಿಯೇ ಇರಿಸಿಕೊಂಡು ಮರಳಿ ಮರಳಿ ಯತ್ನಿಸುತ್ತದೆ. ಕೆಲವು ದಿನಗಳಾದರೂ ಸಾಗದಿದ್ದಲ್ಲಿ ಬರೆದವನಿಗೆ ತಿಳಿಸುತ್ತದೆ. ದಾರಿಯ ಪ್ರತಿಯೊಂದು ಸರ್ವರೂ ತನ್ನ ಹೆಸರನ್ನೂ ಕಾಲವನ್ನೂ ಓಲೆಯ ನೆತ್ತಿಯಲ್ಲಿ ಮೊಹರಿನಂತೆ ಬರೆಯುವುದರಿಂದ, ಆ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದವನಿಗೆ ಅದು ಬಂದ ಮಾರ್ಗವು ತಿಳಿಯುತ್ತದೆ. ಕಡೆಗೆ ಓಲೆಯು ಪಡೆಯುವವನ ಪೆಟ್ಟಿಗೆಯಲ್ಲಿ ನಿಂತು, ಅವನು ತೆರೆಯುವವರೆಗೂ ಕಾದಿರುತ್ತದೆ.

ಇನ್ನೊಂದು ಸಾಮ್ಯವುಂಟು, ಮುಖ್ಯವಾದುದು ಅದೇ. ಚಿಕ್ಕದೇವರಾಜರ ಅಂಚೆಯವರು ಕಾಗದಗಳನ್ನು ಸಾಗಿಸುವುದಲ್ಲದೆ ನಾಡಿನ ಗುಟ್ಟುಗಳನ್ನು ಅರಸರಿಗೆ ಅರುಹುವ ಗೂಢಚಾರರೂ ಆಗಿದ್ದರೆಂದು ಕರ್ನಲ್ ವಿಲ್ಕ್ಸರು 1810ರಲ್ಲಿ ಪ್ರಕಟವಾದ ತಮ್ಮ ಮೈಸೂರು ಚರಿತ್ರೆಯ ಮೊದಲ ಸಂಪುಟದಲ್ಲಿ ಹೇಳಿರುವರು. ಠಾಣೆಯಲ್ಲಿ ತಂಗಿದ ಓಲೆಯು ಠಾಣೆಯವನ ಕೈಯಲ್ಲಿರುವುದಷ್ಟೆ. ಮಿಂಚಂಚೆಯೂ ಮೊದಲು ಬಿಚ್ಚೋಲೆಯಾಗಿಯೇ ಸಂಚರಿಸುತ್ತಿತ್ತು. ಒಂದು ಸರ್ವರಿನಿಂದ ಮತ್ತೊಂದಕ್ಕೆ ಹೋಗುವಾಗ ಅದನ್ನು ಗೂಢಲಿಪಿಯಾಗಿ ಮಾರ್ಪಡಿಸುವ ವಿಧಾನವು 1999ರಲ್ಲಿ ನಿರೂಪಿತವಾಯಿತು. ಆದರೆ ಈ ಮುದ್ರೆಯು ದಾರಿಯನ್ನು ಕಾಯುವುದೇ ಹೊರತು ಠಾಣೆಯನ್ನಲ್ಲ. ಸರ್ವರಿನೊಳಗೆ ಓಲೆಯು ಮತ್ತೆ ಬಿಚ್ಚಿಕೊಳ್ಳುತ್ತದೆ. ಪಡೆಯುವವನೊಬ್ಬನೇ ತೆರೆಯಬಲ್ಲಂತೆ ಬರೆದವನೇ ಬೀಗವಿಕ್ಕಿದ ಹೊರತು ಒಕ್ಕಣೆಯು ಪೂರ್ಣವಾಗಿ ಗುಪ್ತವಾಗದು.

ಆದುದರಿಂದ ಓಲೆಯ ವೇಗವು ಹೆಚ್ಚಿದ ಮಾತ್ರಕ್ಕೆ ಅದರ ಗೋಪ್ಯವೂ ಹೆಚ್ಚಿತೆಂದು ಭಾವಿಸುವುದು ಯುಕ್ತವಲ್ಲ. ಹರಿಕಾರನು ಹೋದರೂ ಠಾಣೆಯು ಉಳಿದಿದೆ; ಅದು ಯಾರ ಕೈಯಲ್ಲಿದೆಯೆಂಬ ಪ್ರಶ್ನೆಯೂ ಉಳಿದಿದೆ.