ಅಂಗಳದಲ್ಲಿರುವ ಗ್ಯಾಸ್ ಟ್ಯಾಂಕ್ ಯಾರದು? ಅಮೆರಿಕದ ಪ್ರೊಪೇನ್ ಮನೆಗಳ ಖರ್ಚು ಮತ್ತು ಕರಾರು

ಅಮೆರಿಕದಲ್ಲಿರುವ ಮಗನೋ ಮಗಳೋ ಊರಾಚೆ ಮನೆ ಕೊಂಡು, ಹಿತ್ತಿಲಲ್ಲಿ ಮಲಗಿಸಿರುವ ಉದ್ದನೆಯ ಬಿಳಿ ಟ್ಯಾಂಕಿನ ಫೋಟೋ ಕಳಿಸಿದರೆ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಬರುತ್ತದೆ: "ಒಳ್ಳೇದಾಯ್ತು, ಸಿಲಿಂಡರ್ ಬುಕ್ ಮಾಡುವ ತಲೆನೋವಿಲ್ಲ." ತಲೆನೋವು ಇದೆ, ಅದರ ರೂಪ ಬೇರೆ ಅಷ್ಟೇ. ಅದೇನೆಂದು ಇಲ್ಲಿ ನೋಡೋಣ.

ಪ್ರೊಪೇನ್ ಎಂದರೇನು?

ನಮ್ಮ ಅಡುಗೆ ಸಿಲಿಂಡರಿನಲ್ಲಿರುವ ಎಲ್‌ಪಿಜಿ ಮುಖ್ಯವಾಗಿ ಬ್ಯುಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಅಮೆರಿಕದಲ್ಲಿ ಮನೆ ಬಿಸಿ ಮಾಡಲು ಬಳಸುವುದು ಬಹುಪಾಲು ಪ್ರೊಪೇನ್. ಇದಕ್ಕೆ ಕಾರಣ ಚಳಿ. ಬ್ಯುಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತಿದ್ದಂತೆ ಅನಿಲವಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಅನಿಲವಾಗಬಲ್ಲದು. ಪೈಪ್‌ಲೈನ್ ಗ್ಯಾಸ್ ತಲುಪದ ಹಳ್ಳಿ ಮತ್ತು ಹೊರವಲಯದ ಮನೆಗಳು ಇದನ್ನು ಅವಲಂಬಿಸಿವೆ. ಅಮೆರಿಕದ ಸುಮಾರು ಶೇ. 5ರಷ್ಟು ಮನೆಗಳಿಗೆ ಇದೇ ಮುಖ್ಯ ಇಂಧನ.

ಎಷ್ಟು ಬೇಕಾಗುತ್ತದೆ?

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 500 ಗ್ಯಾಲನ್ ಟ್ಯಾಂಕ್. ಅದರಲ್ಲಿ 400 ಗ್ಯಾಲನ್ ಮಾತ್ರ, ಅಂದರೆ ಸುಮಾರು 1,500 ಲೀಟರ್ ತುಂಬುತ್ತಾರೆ. ತೂಕದಲ್ಲಿ ಇದು ನಮ್ಮ 14.2 ಕೆ.ಜಿ.ಯ ಸುಮಾರು 54 ಸಿಲಿಂಡರ್‌ಗಳಿಗೆ ಸಮ.

ಕೇಳಲು ದೊಡ್ಡದು, ಆದರೆ ಖರ್ಚಾಗುವ ವೇಗವೂ ದೊಡ್ಡದು. ಗಂಟೆಗೆ 1,00,000 ಬಿಟಿಯು ಸಾಮರ್ಥ್ಯದ ಫರ್ನೇಸ್ ಒಂದು ಗಂಟೆ ಉರಿದರೆ ಒಂದು ಗ್ಯಾಲನ್‌ಗಿಂತ ತುಸು ಹೆಚ್ಚು ಬೇಕು. ಕೊರೆಯುವ ಚಳಿಯಲ್ಲಿ ಅದು ದಿನಕ್ಕೆ ಒಟ್ಟು 10 ಗಂಟೆ ಉರಿದರೆ, ತುಂಬಿದ ಟ್ಯಾಂಕ್ ಐದು ವಾರದಲ್ಲಿ ಖಾಲಿ.

ವಿದ್ಯುತ್ತಿಗಿಂತ ಅಗ್ಗವೇ?

ಇದಕ್ಕೊಂದು ಸುಲಭ ಲೆಕ್ಕವಿದೆ. ಒಂದು ಗ್ಯಾಲನ್ ಪ್ರೊಪೇನ್‌ನಲ್ಲಿ ಸುಮಾರು 27 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಇದೆ. ಒಳ್ಳೆಯ ಫರ್ನೇಸ್‌ನಲ್ಲಿ ಸುಮಾರು 25 ಯೂನಿಟ್ ಶಾಖ ಮನೆಗೆ ಸಿಗುತ್ತದೆ. ಹಾಗಾಗಿ ಗ್ಯಾಲನ್ ದರವನ್ನು 25ರಿಂದ ಭಾಗಿಸಿ.

ಉದಾಹರಣೆಗೆ, ಗ್ಯಾಲನ್‌ಗೆ 2.50 ಡಾಲರ್ ಇದ್ದರೆ ಒಂದು ಯೂನಿಟ್ ಶಾಖಕ್ಕೆ 10 ಸೆಂಟ್. ವಿದ್ಯುತ್ ಯೂನಿಟ್‌ಗೆ 15 ಸೆಂಟ್ ಇದ್ದರೆ ಸಾಮಾನ್ಯ ಹೀಟರ್‌ನಲ್ಲಿ 15 ಸೆಂಟ್ ಬೀಳುತ್ತದೆ. ಇಲ್ಲಿ ಪ್ರೊಪೇನ್ ಅಗ್ಗ. ಆದರೆ ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ ಯೂನಿಟ್ ಶಾಖ ಕೊಡುವ ಹೀಟ್ ಪಂಪ್ ಇದ್ದರೆ 6 ಸೆಂಟ್ ಸಾಕು. ಆಗ ಪ್ರೊಪೇನ್ ದುಬಾರಿ. "ಗ್ಯಾಸೇ ಅಗ್ಗ" ಅಥವಾ "ಕರೆಂಟೇ ಅಗ್ಗ" ಎಂಬ ಫಾರ್ವರ್ಡ್ ನಂಬುವ ಮೊದಲು ನಿಮ್ಮೂರಿನ ದರ ಹಾಕಿ ನೋಡಿ.

ತಪ್ಪು ತಿಳುವಳಿಕೆ 1: ಟ್ಯಾಂಕ್ ನಮ್ಮ ಜಾಗದಲ್ಲಿದೆ, ಆದ್ದರಿಂದ ನಮ್ಮದು

ಗಂಟು ಇರುವುದು ಇಲ್ಲಿಯೇ. ಹೆಚ್ಚಿನ ಟ್ಯಾಂಕ್‌ಗಳು ಬಾಡಿಗೆಯವು, ಮಾಲೀಕತ್ವ ಗ್ಯಾಸ್ ಕಂಪನಿಯದು. ನಮ್ಮಲ್ಲಿ ಡಿಪಾಸಿಟ್ ಕಟ್ಟಿದರೂ ಸಿಲಿಂಡರ್ ಕಂಪನಿಯದೇ ಆಗಿರುವಂತೆ. ಬೇರೆಯವರ ಟ್ಯಾಂಕಿಗೆ ಅನುಮತಿ ಇಲ್ಲದೆ ಗ್ಯಾಸ್ ತುಂಬುವುದನ್ನು ಅಮೆರಿಕದ ಹಲವು ರಾಜ್ಯಗಳ ಕಾನೂನು ನಿಷೇಧಿಸಿದೆ. ಪಕ್ಕದ ಕಂಪನಿ ಅರ್ಧ ಡಾಲರ್ ಕಡಿಮೆಗೆ ಕೊಡುತ್ತಿದ್ದರೂ ತರಿಸಿಕೊಳ್ಳುವಂತಿಲ್ಲ.

ಪೈಪ್‌ಲೈನ್ ಗ್ಯಾಸ್ ದರದ ಮೇಲೆ ಸಾಮಾನ್ಯವಾಗಿ ರಾಜ್ಯದ ನಿಯಂತ್ರಣ ಇರುತ್ತದೆ. ಪ್ರೊಪೇನ್ ಚಿಲ್ಲರೆ ದರಕ್ಕೆ ಅಂಥ ಹಿಡಿತವಿಲ್ಲ. ಗ್ಯಾಲನ್ ದರದ ಜೊತೆಗೆ ಟ್ಯಾಂಕ್ ಬಾಡಿಗೆ, ಸಾಗಣೆ ಶುಲ್ಕ, ವರ್ಷಕ್ಕೆ ಇಷ್ಟು ಕೊಳ್ಳದಿದ್ದರೆ ದಂಡ, ಕಂಪನಿ ಬಿಟ್ಟರೆ ಟ್ಯಾಂಕ್ ಎತ್ತುವ ಶುಲ್ಕ ಕೂಡ ಬಿಲ್ಲಿಗೆ ಸೇರಬಹುದು.

ಸ್ವಂತ ಟ್ಯಾಂಕ್ ಇದ್ದರೆ ಯಾರನ್ನು ಬೇಕಾದರೂ ಕರೆಯಬಹುದು. ಆದರೆ ಅದರ ಬೆಲೆ, ತಪಾಸಣೆ, ರಿಪೇರಿ ಎಲ್ಲವೂ ನಿಮ್ಮ ಹೆಗಲಿಗೆ.

ತಪ್ಪು ತಿಳುವಳಿಕೆ 2: ಗೇಜ್ 80 ತೋರಿಸಿದರೆ ಮೋಸ

ಮೋಸವಲ್ಲ. ಬಿಸಿಲಿಗೆ ದ್ರವ ಪ್ರೊಪೇನ್ ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕೆಂದೇ ಶೇ. 80ರವರೆಗೆ ಮಾತ್ರ ತುಂಬುತ್ತಾರೆ.

ತಪ್ಪು ತಿಳುವಳಿಕೆ 3: ಖಾಲಿಯಾದಾಗ ಫೋನ್ ಮಾಡಿದರಾಯಿತು

ಪೂರ್ತಿ ಖಾಲಿಯಾದರೆ ತುಂಬಿಸಿದ ಕೂಡಲೇ ಹಚ್ಚುವಂತಿಲ್ಲ. ಸೋರಿಕೆ ಪರೀಕ್ಷೆ ಆಗಬೇಕು, ಅದಕ್ಕೆ ಬೇರೆ ಶುಲ್ಕ ಇರಬಹುದು. ಅಷ್ಟರಲ್ಲಿ ಮನೆಯ ನೀರಿನ ಪೈಪುಗಳು ಹೆಪ್ಪುಗಟ್ಟಿ ಒಡೆಯುವ ಅಪಾಯವಿದೆ. ಗೇಜ್ ಶೇ. 30ಕ್ಕೆ ಇಳಿದಾಗಲೇ ಹೇಳಿಬಿಡುವುದು ಒಳ್ಳೆಯದು.

2013-14ರ ಚಳಿಗಾಲ ಇದಕ್ಕೆ ಪಾಠ. ಆ ಶರತ್ಕಾಲದಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಒದ್ದೆಯಾದ ಮೆಕ್ಕೆಜೋಳ ಒಣಗಿಸಲು ಅಪಾರ ಪ್ರೊಪೇನ್ ಖರ್ಚಾಯಿತು. ಹಿಂದೆಯೇ ವಿಪರೀತ ಚಳಿ ಬಂತು. ಅಕ್ಟೋಬರ್‌ನಲ್ಲಿ ಗ್ಯಾಲನ್‌ಗೆ ಎರಡೂವರೆ ಡಾಲರ್‌ಗಿಂತ ಕಡಿಮೆ ಇದ್ದ ಸರಾಸರಿ ದರ ಜನವರಿ ಕೊನೆಗೆ 4 ಡಾಲರ್ ಮುಟ್ಟಿತು. ಇಂಥ ಕೊರತೆಯಲ್ಲಿ ಕಂಪನಿಗಳು ಸಾಮಾನ್ಯವಾಗಿ ತಮ್ಮ ಕಾಯಂ ಗ್ರಾಹಕರಿಗೇ ಮೊದಲು ಕೊಡುತ್ತವೆ. ಒಂದೇ ಕಂಪನಿಗೆ ಅಂಟಿಕೊಳ್ಳುವುದರಲ್ಲಿ ಇರುವ ಲಾಭ ಇದು.

ಸಹಿ ಹಾಕುವ ಮೊದಲು ಕೇಳಬೇಕಾದ್ದು

• ಟ್ಯಾಂಕ್ ಮನೆಯ ಜೊತೆ ಬರುತ್ತದೆಯೇ, ಕಂಪನಿಯದೇ? ಕ್ರಯಪತ್ರದಲ್ಲಿ ಏನಿದೆ?
• ಗ್ಯಾಲನ್ ದರ ಬಿಟ್ಟು ಇನ್ನೇನು ಶುಲ್ಕಗಳಿವೆ? ಬರಹದಲ್ಲಿ ಕೊಡುತ್ತಾರೆಯೇ?
• ಮೊದಲ ವರ್ಷದ ಕಡಿಮೆ ದರ ಎರಡನೇ ವರ್ಷವೂ ಇರುತ್ತದೆಯೇ?
• ಗೇಜ್ ನೋಡಿ ನಾವೇ ಕರೆಯಬೇಕೇ, ಅವರೇ ಲೆಕ್ಕ ಹಾಕಿ ಬರುತ್ತಾರೆಯೇ?
• ಕರಾರು ಬಿಟ್ಟರೆ ಟ್ಯಾಂಕಿನಲ್ಲಿ ಉಳಿದ ಗ್ಯಾಸಿನ ಹಣ ವಾಪಸ್ ಬರುತ್ತದೆಯೇ?
• ಬೇಸಿಗೆಯಲ್ಲೇ ಮುಂಗಡ ಕಟ್ಟಿಸಿಕೊಂಡರೆ, ಕಂಪನಿ ಮುಚ್ಚಿದಾಗ ಆ ಹಣದ ಗತಿ ಏನು?

ಒಂದು ಎಚ್ಚರಿಕೆ: ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲಮಾಳಿಗೆಯಂಥ ತಗ್ಗಿನಲ್ಲಿ ಶೇಖರವಾಗುತ್ತದೆ. ಕೆಟ್ಟ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು, ದೂರದಿಂದ 911ಕ್ಕೆ ಕರೆ ಮಾಡಿ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಪತ್ತೆಗೆ ಅಲಾರಂ ಇರಲೇಬೇಕು.

ಒಟ್ಟಿನಲ್ಲಿ: ಗ್ಯಾಲನ್ ದರ ಕೇಳುವ ಮೊದಲು ಟ್ಯಾಂಕ್ ಯಾರದೆಂದು ಕೇಳಿ. ಅಮೆರಿಕದಲ್ಲಿ ಮನೆ ಹುಡುಕುತ್ತಿರುವ ನಿಮ್ಮವರಿಗೆ ಇದನ್ನು ಕಳಿಸಿ.