ವಿದ್ಯೆಯ ಬೊಕ್ಕಸ, ಲೆಕ್ಕದ ಹೊಣೆ

ನಮ್ಮ ಊರುಗಳಲ್ಲಿ ಹಿಂದೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬನ್ನೆತ್ತುವ ಅಧಿಕಾರ ಅವನದು. ಯಾರ ಗದ್ದೆಗೆ ಎಷ್ಟು ನೀರು ಹರಿಯಿತೆಂದು ಊರಿನ ಎದುರು ಹೇಳುವ ಹೊಣೆಯೂ ಅವನದೇ. ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿಶ್ವವಿದ್ಯಾಲಯವೂ ಸಾರ್ವಜನಿಕರ ಹಣದಿಂದ ತುಂಬಿದ ಕೆರೆ. ಅದರ ತೂಬು ಯಾರ ಕೈಯಲ್ಲಿದೆ, ಅವರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಹುಟ್ಟಿದ ಆ ಸಂಸ್ಥೆಗೆ ಸೆನೆಟ್ ಎಂಬ ದೊಡ್ಡ ಸಭೆಯೂ ಕೌನ್ಸಿಲ್ ಎಂಬ ಸಣ್ಣ ಕಾರ್ಯಮಂಡಲಿಯೂ ಇದ್ದವು. ಹಣ ಸಂಸ್ಥಾನದ ಬೊಕ್ಕಸದ್ದು, ವಿದ್ಯಾವಿಷಯದ ತೀರ್ಮಾನ ವಿದ್ವಾಂಸರದು. ಈ ಎರಡರ ನಡುವಿನ ಎಳೆದಾಟ ಅಂದೇ ಆರಂಭವಾಯಿತು.

ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರನ್ನು ನಾವು ಕವಿಯೆಂದು, ಆಚಾರ್ಯರೆಂದು ನೆನೆಯುತ್ತೇವೆ. ಅವರ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದದ್ದು 1926ರಲ್ಲಿ. ಆ ವರ್ಷದಿಂದ 1930ರವರೆಗೆ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಸಚಿವರೂ ಆಗಿದ್ದರು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. ಕಾವ್ಯಕ್ಕೆ ಹೊಸ ಹಾದಿ ತೆರೆದವರು ಕಚೇರಿಯ ಕಡತಗಳಿಗೂ ಹೊಣೆಗಾರರಾದರು. ವಿದ್ಯೆ ಬೇರೆ, ಲೆಕ್ಕಪತ್ರ ಬೇರೆ ಎಂದು ಅಂದಿನವರು ಭಾವಿಸಿರಲಿಲ್ಲ.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. ಅದರಿಂದ 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಕವಲೊಡೆಯಿತು. ಗುಬ್ಬಿಯ, ಕುಣಿಗಲ್ಲಿನ ಕಾಲೇಜು ವಿದ್ಯಾರ್ಥಿ ಒಂದು ಅಂಕಪಟ್ಟಿಯ ತಿದ್ದುಪಡಿಗೆ ರಾಜಧಾನಿಯವರೆಗೆ ಅಲೆಯಬೇಕಾದ ಕಾಲ ಅಲ್ಲಿಗೆ ಮುಗಿಯಿತು. ಅಧಿಕಾರ ಜನರ ಹತ್ತಿರಕ್ಕೆ ಬಂದಿತು. ಅದರೊಂದಿಗೆ ಉತ್ತರ ಹೇಳುವ ಹೊಣೆಯೂ ಹತ್ತಿರ ಬಂದಿತೇ?

2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ ಹಳೆಯ ಸೆನೆಟ್ಟನ್ನು ಕೈಬಿಟ್ಟು ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿಗಳನ್ನು ಉಳಿಸಿಕೊಂಡಿತು. ರಾಜ್ಯಪಾಲರು ಕುಲಾಧಿಪತಿಗಳು, ಕುಲಪತಿಗಳ ಜೊತೆಗೆ ಕುಲಸಚಿವರು, ಪರೀಕ್ಷೆಗೆಂದೇ ಮತ್ತೊಬ್ಬ ಕುಲಸಚಿವರು, ಹಣಕಾಸು ಅಧಿಕಾರಿ ಇದ್ದಾರೆ. ಸಣ್ಣ ಸಭೆಯಲ್ಲಿ ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಹತ್ತಾರು ಕಡೆಯ ಜನ ಕುಳಿತು ವರ್ಷದ ವೆಚ್ಚವನ್ನು ಬಹಿರಂಗವಾಗಿ ಪ್ರಶ್ನಿಸುವ ಜಗಲಿಯೊಂದು ಇಲ್ಲವಾಯಿತು. ಲೆಕ್ಕ ಪರಿಶೋಧನೆ ನಡೆಯುತ್ತದೆ. ಅದು ಹಣ ಖರ್ಚಾದ ಮೇಲಿನ ಮಾತು. ಖರ್ಚಿಗೆ ಮುಂಚೆ "ಇದು ಬೇಕೆ?" ಎಂದು ಕೇಳುವ ದನಿಯೇ ಬೇರೆ. 2005ರ ಮಾಹಿತಿ ಹಕ್ಕಿನ ಕಾಯಿದೆ ಆ ಕೊರತೆಯನ್ನು ಕೆಲಮಟ್ಟಿಗೆ ತುಂಬಿದೆ.

ಹಣದ ಕಥೆ ಇನ್ನೂ ಸೂಕ್ಷ್ಮವಾದದ್ದು. ಸರ್ಕಾರದ ಅನುದಾನ ಸಾಲದೆ ಹೋದಾಗ ವಿಶ್ವವಿದ್ಯಾಲಯಕ್ಕೆ ಉಳಿಯುವ ದಾರಿ ಪರೀಕ್ಷೆಯ ಶುಲ್ಕ, ಕಾಲೇಜುಗಳ ಸಂಯೋಜನೆಯ ಶುಲ್ಕ. ಜಿಲ್ಲೆಯೊಂದು ಬೇರೆಯಾದಾಗ ಹಳೆಯ ಸಂಸ್ಥೆಗೆ ಆ ವರಮಾನ ಕಳೆದುಹೋಗುತ್ತದೆ, ನಿವೃತ್ತರ ಪಿಂಚಣಿಯ ಭಾರ ಮಾತ್ರ ಹಾಗೆಯೇ ಉಳಿಯುತ್ತದೆ. ಹೊಸ ಸಂಸ್ಥೆಗೆ ಕಟ್ಟಡವಿಲ್ಲ, ಖಾಯಂ ಅಧ್ಯಾಪಕರಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಸಚಿವ ಸಂಪುಟದ ಉಪಸಮಿತಿಯೊಂದು ಆರ್ಥಿಕ ಕಾರಣಗಳಿಂದ 9 ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂಬ ಅಭಿಪ್ರಾಯಕ್ಕೆ ಬಂದಾಗ ನಾಡು ಬೆಚ್ಚಿತು. ವಿಶ್ವವಿದ್ಯಾಲಯವನ್ನು ಘೋಷಿಸುವ ದಿನ ಅದನ್ನು ಸಾಕುವ ಲೆಕ್ಕ ಹಾಕದಿದ್ದುದರ ಫಲವಿದು. ಅದರ ಬೆಲೆ ತೆರುವವರು ಹಳ್ಳಿಯಿಂದ ಬಸ್ಸು ಹಿಡಿದು ಬರುವ ಮಕ್ಕಳು.

ಲೆಕ್ಕ ಕೇಳುವುದೆಂದರೆ ವಿದ್ಯಾಸಂಸ್ಥೆಯನ್ನು ಅವಮಾನಿಸುವುದೆಂಬ ಭಾವನೆ ನಮ್ಮಲ್ಲಿ ಇದೆ. ಸ್ವಾಯತ್ತತೆಯ ಹೆಸರಿನಲ್ಲಿ ಪ್ರಶ್ನೆಯನ್ನು ತಡೆಯುವುದೂ, ಹೊಣೆಗಾರಿಕೆಯ ಹೆಸರಿನಲ್ಲಿ ಸರ್ಕಾರ ತರಗತಿಯೊಳಗೆ ಕೈಹಾಕುವುದೂ ಸಮಾನವಾಗಿ ತಪ್ಪು. ಏನನ್ನು ಕಲಿಸಬೇಕೆಂಬುದನ್ನು ವಿದ್ವಾಂಸರು ನಿರ್ಧರಿಸಲಿ; ಎಷ್ಟು ವೆಚ್ಚವಾಯಿತು, ಏತಕ್ಕಾಗಿ ಎಂಬುದನ್ನು ಜನರ ಮುಂದೆ ಕನ್ನಡದಲ್ಲಿ, ತಿಳಿಯುವ ಮಾತಿನಲ್ಲಿ ವರ್ಷಕ್ಕೊಮ್ಮೆ ಇಡಲಿ. ಲೆಕ್ಕ ಒಪ್ಪಿಸಬಲ್ಲ ವಿಶ್ವವಿದ್ಯಾಲಯವೇ ಸರ್ಕಾರದ ಎದುರು ತಲೆಯೆತ್ತಿ ತನ್ನ ಪಾಲನ್ನು ಕೇಳಬಲ್ಲದು.